‘ಸಾಕು’ ಎನ್ನಬೇಕಾದವರು ಯಾರು?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಕಟ್ಟಿಸುವ ರೈತರಲ್ಲಿ ಕೆಲವರು ಬಾಗಿಲಿನ ಮರಕ್ಕೆ ಅಂಗಡಿಗೆ ಹೋಗುವುದಿಲ್ಲ. ತೋಟದ ಬದುವಿನ ಹಲಸನ್ನೋ ಹಿತ್ತಿಲ ಬೇವನ್ನೋ ಕಡಿಸಿ ಸಾಮಿಲ್ಲಿಗೆ ಸಾಗಿಸುತ್ತಾರೆ. ಅಪ್ಪನೋ ಅಜ್ಜನೋ ನೆಟ್ಟ ಮರ ಅದು. ಅಲ್ಲಿ ಕೊಯ್ಯಿಸಿ, ನೆರಳಿನಲ್ಲಿ ಪೇರಿಸಿ ಒಣಗಿಸಿ, ಕೊನೆಗೆ ಪ್ಲೇನಿಂಗ್ ಮಷಿನ್ನಿಗೆ ಕೊಡುತ್ತಾರೆ. ಬೆಳೆಯಲು ನಲವತ್ತು ವರ್ಷ ಹಿಡಿದ ಮರದ ಹಲಗೆ ಆ ಮಷಿನ್ನಿನ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರಲು ಒಂದೆರಡು ನಿಮಿಷವೂ ಬೇಡ. ಹೆಚ್ಚು ಹೆರೆದುಹೋದರೆ ಮತ್ತೆ ಅಂಟಿಸಲು ಬರುವುದಿಲ್ಲ.

ಮಷಿನ್ನಿನ ಕೆಲಸ ನೋಡಲು ಸರಳ. ಮೇಲೆ ಬ್ಲೇಡು ಕಟ್ಟಿದ ಉರುಳೆ ತಿರುಗುತ್ತದೆ, ಕೆಳಗೆ ಕಬ್ಬಿಣದ ಟೇಬಲ್ಲು. ಎರಡರ ನಡುವಿನ ಅಂತರವೇ ಹಲಗೆಯ ದಪ್ಪ. ಪಕ್ಕದ ಚಕ್ರ ತಿರುಗಿಸಿದರೆ ಟೇಬಲ್ಲು ಏರುತ್ತದೆ, ಇಳಿಯುತ್ತದೆ. ಅಳತೆಪಟ್ಟಿಯ ಮೇಲೆ ಮುಳ್ಳು ಒಂದು ಅಂಕಿ ತೋರಿಸುತ್ತದೆ. ಆದರೆ ಮುಳ್ಳಿಗೆ ಗೊತ್ತಿರುವುದು ಟೇಬಲ್ಲು ಎಲ್ಲಿದೆ ಎಂಬುದಷ್ಟೇ. ಬ್ಲೇಡನ್ನು ಸಾಣೆ ಹಿಡಿದು ಮತ್ತೆ ಕಟ್ಟುವಾಗ ಅದು ಕೂದಲೆಳೆಯಷ್ಟು ಮುಂದೆ ಬಂದು ಕೂತರೂ ಮುಳ್ಳು ಹಳೆಯ ಅಂಕಿಯನ್ನೇ ಹೇಳುತ್ತದೆ. ಸ್ಕ್ರೂ ಸವೆದಿದ್ದರೆ, ಚಕ್ರವನ್ನು ಹಿಂದಕ್ಕೆ ತಿರುಗಿಸಿದಾಗ ಸ್ವಲ್ಪ ಹೊತ್ತು ಟೇಬಲ್ಲು ಕದಲುವುದೇ ಇಲ್ಲ. ಅದಕ್ಕೇ ಬಲ್ಲವರು ಬೇಕಾದ ಅಳತೆಗಿಂತ ಕೆಳಕ್ಕೆ ಇಳಿಸಿಕೊಂಡು, ಪ್ರತಿಸಲವೂ ಕೆಳಗಿನಿಂದ ಮೇಲಕ್ಕೇ ತಂದು ನಿಲ್ಲಿಸುತ್ತಾರೆ. ಮೊದಲು ಬೇಡದ ತುಂಡೊಂದನ್ನು ಬಿಟ್ಟು, ಹೊರಬಂದದ್ದನ್ನು ಕ್ಯಾಲಿಪರಿನಲ್ಲಿ ಅಳೆದು, ಮುಳ್ಳು ಹೇಳಿದ್ದಕ್ಕೂ ಮರ ಹೇಳಿದ್ದಕ್ಕೂ ಎಷ್ಟು ಅಂತರ ಎಂದು ನೋಡುತ್ತಾರೆ.

ಆ ಅಳತೆಯಲ್ಲೂ ಒಂದು ಸೂಕ್ಷ್ಮವಿದೆ. ಕ್ಯಾಲಿಪರಿಗೆ ಸುಲಭವಾಗಿ ಸಿಗುವುದು ಹಲಗೆಯ ತುದಿ. ಹಲಗೆ ಒಂದು ರೋಲರಿನ ಹಿಡಿತದಿಂದ ಬಿಟ್ಟುಕೊಳ್ಳುವಾಗ ತುಸು ಮೇಲೆದ್ದು ಬ್ಲೇಡಿಗೆ ಹೆಚ್ಚು ಸಿಕ್ಕುವುದೂ ಅಲ್ಲಿಯೇ. ಹಾಗಾಗಿ ಕೊನೆಯ ಎರಡು ಮೂರು ಇಂಚು ಉಳಿದ ಭಾಗಕ್ಕಿಂತ ತೆಳ್ಳಗಿರಬಹುದು. ಕೈಗೆ ಸುಲಭವಾಗಿ ಸಿಗುವ ಜಾಗವನ್ನಷ್ಟೇ ಅಳೆದವನಿಗೆ ಹಲಗೆಯ ನಿಜ ತಿಳಿಯುವುದಿಲ್ಲ. ಮನುಷ್ಯರನ್ನು ಅಳೆಯುವಾಗಲೂ ನಾವು ಹೀಗೇ ಮಾಡುತ್ತೇವೆ.

ಬಾಗಿಲಿಗೆ ಒಂದು ಮಿಲಿಮೀಟರ್ ಏನು ಮಹಾ ಎಂದು ಕೇಳಬಹುದು. ಪ್ರಶ್ನೆ ಹಳೆಯದು. ಬಡಗಿಯೂ ಜ್ಯಾಮಿತಿ ಬಲ್ಲವನೂ ಲಂಬಕೋನವನ್ನು ಹುಡುಕುವ ಬಗೆ ಬೇರೆ ಬೇರೆ ಎಂದು ಅರಿಸ್ಟಾಟಲ್ ತನ್ನ ‘ನಿಕೊಮ್ಯಾಕಿಯನ್ ಎಥಿಕ್ಸ್’ನಲ್ಲಿ ಹೇಳುತ್ತಾನೆ. ಜ್ಯಾಮಿತಿಯವನಿಗೆ ಕೋನದ ಸತ್ಯವೇ ಬೇಕು. ಬಡಗಿಗೆ ಕೆಲಸಕ್ಕೆ ಒದಗುವಷ್ಟು ಸಾಕು. ಒಪ್ಪತಕ್ಕ ಮಾತು. ಹಲಗೆಯ ದಪ್ಪವನ್ನು ಮಿಲಿಮೀಟರಿನ ನೂರನೇ ಭಾಗದವರೆಗೆ ಹುಡುಕುವುದರಲ್ಲಿ ಅರ್ಥವೂ ಇಲ್ಲ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಗೆ ಕುಗ್ಗುತ್ತದೆ. ಆದರೆ ‘ಸಾಕು’ ಎಂದು ತೀರ್ಮಾನಿಸುವವರು ಯಾರು? ಸಂಜೆಯಾಯಿತು ಎಂದು ಮಷಿನ್ ನಿಲ್ಲಿಸುವ ಆತುರದಲ್ಲಿರುವವನೋ, ಆ ಬಾಗಿಲನ್ನು ಮುಂದಿನ ನಲವತ್ತು ವರ್ಷ ತೆರೆದು ಮುಚ್ಚುವವರೋ?

ಲೆಕ್ಕ ಹಾಕಿ ನೋಡೋಣ. ನೂರು ಚದರ ಅಡಿ ಹಲಗೆಯಿಂದ ಒಂದು ಮಿಲಿಮೀಟರ್ ಹೆಚ್ಚು ಹೆರೆದರೆ ಘನ ಅಡಿಯ ಸುಮಾರು ಮೂರನೇ ಒಂದು ಭಾಗ ಹೊಟ್ಟಾಗಿ ಮೂಲೆ ಸೇರುತ್ತದೆ. ಪಕ್ಕಪಕ್ಕ ಜೋಡಿಸುವ ಎರಡು ಹಲಗೆಗಳ ನಡುವೆ ಅಷ್ಟೇ ವ್ಯತ್ಯಾಸವಿದ್ದರೆ ಕಣ್ಣು ಮುಚ್ಚಿ ಸವರಿದರೂ ಬೆರಳಿಗೆ ತಡೆಯುತ್ತದೆ. ಅದನ್ನು ಸರಿಮಾಡಲು ಬಡಗಿ ಮತ್ತೆ ಹೆರೆಯಬೇಕು. ಒಬ್ಬನ ‘ಸಾಕು’ ಇನ್ನೊಬ್ಬನ ಬೆನ್ನಿಗೆ ಬೀಳುತ್ತದೆ.

ದಪ್ಪದ ಮಾತಿನಲ್ಲಿ ಇನ್ನೊಂದು ತೊಡಕಿದೆ. ದೇಶದಲ್ಲಿ ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದರೂ ಮರದ ವ್ಯವಹಾರದ ಮಾತು ಇನ್ನೂ ಅಡಿ, ಇಂಚು. ‘ಒಂದಿಂಚಿನ ಹಲಗೆ’ ಎಂದರೆ ಅದು ಗರಗಸದಿಂದ ಬಂದಾಗಿನ ಅಳತೆಯಾಗಿರಬಹುದು. ಎರಡೂ ಮೈಯಲ್ಲಿ ಇಂಚಿನ ಎಂಟನೇ ಒಂದು ಭಾಗ ಹೆರೆದರೆ ಕೈಗೆ ಬರುವುದು ಮುಕ್ಕಾಲು ಇಂಚು. ಕಾಲು ಭಾಗ ಮರ ಹೋಯಿತು. ಈ ಲೆಕ್ಕ ಇಬ್ಬರಿಗೂ ಗೊತ್ತಿದ್ದರೆ ಅದು ರೂಢಿ. ಒಬ್ಬನಿಗೆ ಮಾತ್ರ ಗೊತ್ತಿದ್ದು ಆತ ಸುಮ್ಮನಿದ್ದರೆ, ಅಂಕಿ ಅದೇ ಇದ್ದರೂ ಅದು ಮೋಸ.

ಹಾಗೆಂದು ಪ್ರತಿ ತಪ್ಪೂ ಮೋಸವಲ್ಲ. ಬ್ಲೇಡು ಸರಿದದ್ದು, ಸ್ಕ್ರೂ ಸವೆದದ್ದು ಯಾರ ಪಾಪವೂ ಅಲ್ಲ. ತಪ್ಪು ಇರಬಹುದೆಂದು ಗೊತ್ತಿದ್ದೂ, ನೋಡಿದರೆ ಸರಿಮಾಡಬೇಕಾಗುತ್ತದೆ ಎಂದು ನೋಡದೇ ಇರುವುದಿದೆಯಲ್ಲ, ತಪ್ಪು ಮೋಸದ ಕಡೆ ವಾಲುವುದು ಅಲ್ಲಿಂದ. ಆಮೇಲೆ ‘ಮಷಿನ್ ಹಾಗೆ ತೋರಿಸಿತು’ ಎನ್ನುವುದು ಸುಲಭ. ಕಚೇರಿಯ ಕಡತ, ಶಾಲೆಯ ಅಂಕಪಟ್ಟಿ, ಆಸ್ಪತ್ರೆಯ ವರದಿ ಎಲ್ಲದರ ಹಿಂದೆಯೂ ಇಂಥ ಮುಳ್ಳೊಂದಿದೆ; ಅದನ್ನು ನಂಬಿ ಕೈತೊಳೆದುಕೊಳ್ಳುವವರೂ ಇದ್ದಾರೆ.

ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಕಡೆದು ನುಣುಪಾದ ಅಲ್ಲಿನ ಕಂಬಗಳಲ್ಲಿ ಬಳೆಗಳ ಸಾಲು ಒಂದಕ್ಕೊಂದು ಹೊಂದಿಕೊಂಡಿವೆ. ಕಲ್ಲೂ ಮರದ ಹಾಗೆಯೇ, ಹೋದದ್ದು ಬರುವುದಿಲ್ಲ. ಅಲ್ಲಿ ಕೆಲಸ ಮಾಡಿದ ಶಿಲ್ಪಿ ಮಲ್ಲಿತಮ್ಮನ ಹೆಸರು ಎಂಟು ಶತಮಾನ ದಾಟಿ ಉಳಿದಿದೆ. ಬಾಗಿಲ ಹಲಗೆ ಹೆರೆದವನ ಹೆಸರು ಎಲ್ಲೂ ಇರುವುದಿಲ್ಲ. ಬಣ್ಣ ಬಿದ್ದ ಮೇಲೆ ಅವನ ಕೆಲಸವೂ ಕಾಣುವುದಿಲ್ಲ. ಮನೆಯವರು ಕ್ಯಾಲಿಪರ್ ಹಿಡಿದು ಬರುವುದೂ ಇಲ್ಲ. ನಂಬಿ ಕೊಟ್ಟು ಹೋಗಿರುತ್ತಾರೆ.

ಅವರ ಪರವಾಗಿ ಅಲ್ಲಿ ನಿಂತು ಅಳೆಯಬಲ್ಲವನು ಚಕ್ರ ತಿರುಗಿಸುವವನೊಬ್ಬನೇ. ಒಂದು ಚೂರು ಮರ ಬಿಟ್ಟು, ಹಲಗೆಯ ನಡುಭಾಗವನ್ನೂ ಅಳೆದು ನೋಡಲು ಅವನಿಗೆ ಐದು ನಿಮಿಷ ಹೆಚ್ಚು ಹಿಡಿಯಬಹುದು. ಆ ಐದು ನಿಮಿಷಕ್ಕೆ ನಾವು ಕೂಲಿ ಕೊಡುತ್ತೇವೆಯೇ ಎಂಬುದನ್ನೂ ಇದರ ಜೊತೆಗೇ ಕೇಳಿಕೊಳ್ಳಬೇಕು.