ಮಾಸಿದ ಕೆಂಪು ಯಾರದು?

ಹಳೆಯ ಕಸ್ಟಮ್ ಕಾರಿನ ಅಸಲಿ ಬಣ್ಣ ಯಾವುದು? ಬಳಿದ ದಿನ ಇದ್ದದ್ದೋ, ಬಿಸಿಲುಂಡು ಇಂದು ಉಳಿದದ್ದೋ?

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೋ ಬೈಲಾನ್ ‘ಕ್ಯಾಂಡಿ ಆಪಲ್ ರೆಡ್’ಗೆ ಹೆಸರಾದರು. ತಳದಲ್ಲಿ ಚಿನ್ನದ ಅಥವಾ ಬೆಳ್ಳಿಯ ಬಣ್ಣದ ಮೆಟಾಲಿಕ್ ಲೇಪ. ಅದರ ಮೇಲೆ ಪಾರದರ್ಶಕ ಕೆಂಪಿನ ಹಲವು ಪದರ. ಪದರ ಹೆಚ್ಚಿದಷ್ಟೂ ಕೆಂಪು ಗಾಢವಾಗುತ್ತದೆ. ಹಾಗಾಗಿ ಒಂದೇ ಡಬ್ಬಿಯ ಬಣ್ಣ ಇಬ್ಬರ ಕೈಯಲ್ಲಿ ಎರಡು ಕೆಂಪಾಗಬಹುದು. ಬಿಸಿಲಿಗೆ ಬೇಗ ಮಾಸುವುದೂ ಇಂಥ ಬಣ್ಣವೇ.

ಹೊಳೆಯಲೆಂದೇ ಬಳಿದದ್ದು, ಮತ್ತೆ ಹೊಳೆಯಿಸಿದರೇನು ಎಂಬ ಮಾತಿಗೂ ತೂಕವಿದೆ. ತುಕ್ಕು ತಿನ್ನುತ್ತಿರುವ ತಗಡಿಗೆ ಹೊಸ ಬಣ್ಣ ಆರೈಕೆಯೇ. ಆದರೆ ಬರೀ ಮಾಸಿದೆಯೆಂದು ಗಟ್ಟಿ ಬಣ್ಣವನ್ನು ಉಜ್ಜಿ ತೆಗೆದರೆ ಬಳಿದವನ ಕೈಗುರುತೂ ಹೋಗುತ್ತದೆ. ಆಮೇಲಿನ ಹೊಳಪು ಇನ್ನೊಬ್ಬನ ಕೆಲಸ; ಅದನ್ನು ಮೊದಲಿನವನ ಹೆಸರಿನಲ್ಲಿ ತೋರಿಸುವುದು ಸುಳ್ಳು. ದುಡ್ಡು ಕೊಟ್ಟವರಿಗೆ ಕಾರು ಸೇರಿದ್ದು ನಿಜ. ಆ ಕೈಗುರುತನ್ನು ಅಳಿಸುವ ಹಕ್ಕೂ ಅದರ ಜೊತೆಗೇ ಬಂದಿತೆಂದು ನನಗನ್ನಿಸುವುದಿಲ್ಲ.