ಮಾತು ಬಲ್ಲವನ ಋಣ

ನಮ್ಮ ಗಾದೆಗಳಿಗೆ ಮಾತಿನ ವಿಷಯದಲ್ಲಿ ಒಮ್ಮತವಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಒಂದು ಗಾದೆ ಮಾತುಗಾರನ ಬೆನ್ನು ತಟ್ಟುತ್ತದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಇನ್ನೊಂದು ಅವನನ್ನು ಕೂರಿಸಿಬಿಡುತ್ತದೆ. ‘ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು’ ಎಂದು ಮೂರನೆಯದು ಗದರಿಸುತ್ತದೆ. ನಿಘಂಟಿನ ಕಡೆ ತಿರುಗಿದರೂ ಇದೇ ಗೊಂದಲ. ವಾಗ್ಮಿ ಎಂದರೆ ಹೊಗಳಿಕೆ. ವಾಚಾಳಿ ಎಂದರೆ ಬೈಗುಳ. ಮಾತಿನ ಮಲ್ಲ ಎಂದರೆ ಯಾವುದೆಂಬುದನ್ನು ಹೇಳಿದವನ ಮುಖ ನೋಡಿಯೇ ತಿಳಿಯಬೇಕು. ಚೆನ್ನಾಗಿ ಮಾತನಾಡುವವನನ್ನು ಜನ ಮೆಚ್ಚುತ್ತಾರೆ. ಮೆಚ್ಚುತ್ತಲೇ ಅವನ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಈ ಎರಡೂ ನ್ಯಾಯವಾದದ್ದೇ ಎಂದು ನನಗೆ ತೋರುತ್ತದೆ.

ನಾನು ಕನ್ನಡ ಅಧ್ಯಾಪಕ. ವರ್ಷಕ್ಕೆರಡು ಸಲವಾದರೂ ವಿದ್ಯಾರ್ಥಿಗಳನ್ನು ಭಾಷಣ ಸ್ಪರ್ಧೆಗೆ, ಚರ್ಚಾಸ್ಪರ್ಧೆಗೆ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಸಭೆಯಲ್ಲಿ ನಿಂತು ಚೆನ್ನಾಗಿ ಮಾತನಾಡುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಮಾತ್ರ ಬೇರೆಯದನ್ನು ಕೇಳಿದಳು. “ಸರ್, ನಾನು ನಂಬದ ಪಕ್ಷವನ್ನು ಸೊಗಸಾಗಿ ವಾದಿಸಿ ಬಹುಮಾನ ತಂದರೆ, ನಾನು ಕಲಿತದ್ದೇನು? ಮಾತೋ, ಸುಳ್ಳೋ?” ಇದು ಆ ಹುಡುಗಿಯೊಬ್ಬಳ ಪ್ರಶ್ನೆಯಲ್ಲ. ಪರಿಣಾಮಕಾರಿಯಾಗಿ ಮಾತನಾಡಲು ಕಲಿಯಬೇಕೆಂದು ಹೊರಟ ಪ್ರತಿಯೊಬ್ಬನೂ ಇದನ್ನು ಒಮ್ಮೆಯಾದರೂ ಎದುರಿಸಬೇಕು. ಪರಿಣಾಮವನ್ನಷ್ಟೇ ನೋಡುವುದಾದರೆ ವಿಷವೂ ಪರಿಣಾಮಕಾರಿಯೇ ಅಲ್ಲವೆ?

ಆದರೆ ಅದಕ್ಕೆ ಮೊದಲು ಇನ್ನೊಂದು ಸಣ್ಣ ಆಕ್ಷೇಪವನ್ನು ದಾಟಿಹೋಗಬೇಕು. ಮನಸ್ಸು ಶುದ್ಧವಾಗಿದ್ದರೆ ಸಾಕು, ಮಾತು ತಾನಾಗಿ ಬರುತ್ತದೆ, ಅಭ್ಯಾಸ ಮಾಡಿ ಆಡಿದ ಮಾತು ನಾಟಕದ ಮಾತು ಎನ್ನುವವರು ಉಂಟು. ಕೇಳಲು ಇದು ಹಿತವಾಗಿದೆ. ಆದರೆ ನಮ್ಮ ಊರಿನ ಸಭೆಗಳಿಗೆ ಹೋಗಿ ಬಂದವರಿಗೆ ಇದರ ಫಲ ಗೊತ್ತು. “ಎರಡೇ ಮಾತು ಹೇಳಿ ಮುಗಿಸುತ್ತೇನೆ” ಎಂದು ಎದ್ದ ಮಹನೀಯರು ವೇದಿಕೆಯ ಮೇಲಿನವರನ್ನು ಹೆಸರು ಹಿಡಿದು ಸಂಬೋಧಿಸುವುದಕ್ಕೇ ಐದು ನಿಮಿಷ ಹಿಡಿಯುತ್ತಾರೆ. ಸಮಯದ ಅಭಾವವನ್ನು ವಿವರಿಸಲು ಇನ್ನೈದು ನಿಮಿಷ. ಆಮೇಲೆ ತೋಚಿದ್ದು ತೋಚಿದಂತೆ ಮುಕ್ಕಾಲು ಗಂಟೆ. ಅವರ ಮನಸ್ಸು ಶುದ್ಧವಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ಲೆಕ್ಕ ಹಾಕಿ ನೋಡಿ: ಮುನ್ನೂರು ಜನ ಕುಳಿತ ಸಭೆಯಲ್ಲಿ ಒಬ್ಬ ಇಪ್ಪತ್ತು ನಿಮಿಷ ವ್ಯರ್ಥವಾಗಿ ಆಡಿದರೆ ನೂರು ಗಂಟೆ ಹಾಳಾಯಿತು, ನಾಲ್ಕು ದಿನ, ನಾಲ್ಕು ರಾತ್ರಿ, ಮೇಲೆ ನಾಲ್ಕು ಗಂಟೆ. ಒಬ್ಬರ ಮನೆಯಿಂದ ನಾಲ್ಕು ರೂಪಾಯಿ ಎತ್ತಿಕೊಂಡು ಹೋದರೆ ಅದಕ್ಕೊಂದು ಹೆಸರಿದೆ. ಇದಕ್ಕೆ ನಾವು ಹಾರ ಹಾಕುತ್ತೇವೆ.

ಗ್ರೀಸಿನ ಡೆಮಾಸ್ತನೀಸನ ಕಥೆ ಎಲ್ಲರೂ ಕೇಳಿದ್ದೇ. ಕ್ರಿಸ್ತಪೂರ್ವ 384ರಲ್ಲಿ ಹುಟ್ಟಿದ ಈ ಅಥೆನ್ಸಿನವನಿಗೆ ನಾಲಗೆ ತೊಡಕುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಅವನು ಬಾಯಲ್ಲಿ ಬೆಣಚುಕಲ್ಲಿಟ್ಟುಕೊಂಡು ಮಾತನಾಡಿದ, ಏರು ಹತ್ತುತ್ತ ಪದ್ಯ ಹೇಳಿದ, ನೆಲಮಾಳಿಗೆಯ ಕೋಣೆಯಿಂದ ಹೊರಬರಲು ನಾಚಿಕೆಯಾಗಲೆಂದು ತಲೆಯ ಒಂದೇ ಪಾರ್ಶ್ವವನ್ನು ಬೋಳಿಸಿಕೊಂಡ. ಪ್ಲೂಟಾರ್ಕ್ ಬರೆದ ಅವನ ಜೀವನಚರಿತ್ರೆಯಲ್ಲಿ ಇದೆಲ್ಲ ಇದೆ. ಶಾಲೆಯ ಪಾಠದಲ್ಲಿ ನಾವು ಕಲ್ಲಿನ ಕಥೆ ಹೇಳಿ ನಿಲ್ಲಿಸುತ್ತೇವೆ. ಅದೇ ಗ್ರಂಥದಲ್ಲಿ ಅದಕ್ಕಿಂತ ಬೆಲೆಯುಳ್ಳ ಸಂಗತಿಯೊಂದಿದೆ. ನಿನ್ನ ವಾದಗಳಲ್ಲಿ ದೀಪದ ಬತ್ತಿಯ ವಾಸನೆ ಬರುತ್ತದೆ, ಎಂದರೆ ರಾತ್ರಿಯೆಲ್ಲ ಕುಳಿತು ಸಿದ್ಧಮಾಡಿಕೊಂಡು ಬರುತ್ತೀಯೆ ಎಂದು ಅವನನ್ನು ಹಂಗಿಸುತ್ತಿದ್ದರು. ಅವನು ಅದನ್ನು ಅಲ್ಲಗಳೆಯಲಿಲ್ಲ. ಸಿದ್ಧತೆ ಮಾಡಿಕೊಂಡು ಬರುವವನೇ ಪ್ರಜೆಗಳ ಪಕ್ಷದವನು, ಅದು ಜನಕ್ಕೆ ತೋರುವ ಮರ್ಯಾದೆ. ಜನ ಹೇಗೆ ತೆಗೆದುಕೊಂಡರೇನು ಎಂಬ ಅಲಕ್ಷ್ಯ ದೊರೆತನದ ಬುದ್ಧಿ ಎಂಬುದು ಅವನ ಅಭಿಪ್ರಾಯವಾಗಿತ್ತು. ಅಭ್ಯಾಸವೆಂದರೆ ಕೃತಕತೆ ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಅತಿಥಿ ಬರುತ್ತಾನೆಂದು ಮನೆ ಗುಡಿಸಿದರೆ ಅದನ್ನು ಯಾರೂ ನಾಟಕವೆನ್ನುವುದಿಲ್ಲ.

ಹಾಗಾದರೆ ಕಲಿಯಬೇಕಾದ್ದೇನು? ಕಿಷ್ಕಿಂಧೆಯ ಬಳಿ ಹನುಮಂತನು ಮೊದಲ ಸಲ ರಾಮಲಕ್ಷ್ಮಣರ ಮುಂದೆ ನಿಂತು ಮಾತನಾಡಿದಾಗ ರಾಮನು ತಮ್ಮನಿಗೆ ಆ ಮಾತಿನ ಗುಣವನ್ನು ಎತ್ತಿ ತೋರಿಸುತ್ತಾನೆ. ವಾಲ್ಮೀಕಿಯ ಆ ಭಾಗ ಭಾಷಣಕಾರರಿಗೆ ಇಂದಿಗೂ ಕೈಪಿಡಿಯಂತಿದೆ. ಇಷ್ಟು ಹೊತ್ತು ಮಾತನಾಡಿದರೂ ಒಂದು ಅಪಶಬ್ದವಿಲ್ಲ. ಮುಖದಲ್ಲಾಗಲಿ ಕಣ್ಣಿನಲ್ಲಾಗಲಿ ಹುಬ್ಬಿನಲ್ಲಾಗಲಿ ವಿಕಾರವಿಲ್ಲ. ಎಳೆದಾಟವಿಲ್ಲ, ಅವಸರವಿಲ್ಲ, ಸಂದೇಹಕ್ಕೆ ಎಡೆಯಿಲ್ಲ. ದನಿ ಏರಲೂ ಇಲ್ಲ, ತಗ್ಗಲೂ ಇಲ್ಲ. ಇಷ್ಟನ್ನು ಸಾಧಿಸಿದವನಿಗೆ ಇನ್ನೇನು ಬೇಕು? ಕನ್ನಡದಲ್ಲಿ ಮಾತನಾಡುವವನಿಗೆ ನಾನು ಒಂದನ್ನು ಸೇರಿಸುತ್ತೇನೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮಾಡಿದರೋ ಮಾಡಲಿಲ್ಲವೋ, ಒಪ್ಪಿದರೋ ಒಪ್ಪಲಿಲ್ಲವೋ ಎಂಬುದು ವಾಕ್ಯ ಮುಗಿಯುವವರೆಗೆ ಕೇಳುವವನಿಗೆ ತಿಳಿಯದು. ಓದುವವನು ಹಿಂದಿನ ಸಾಲಿಗೆ ಮರಳಬಲ್ಲ, ಕೇಳುವವನು ಮರಳಲಾರ. ಬರೆಹದ ಉದ್ದ ವಾಕ್ಯವನ್ನು ವೇದಿಕೆಗೆ ಹೊತ್ತುಕೊಂಡು ಹೋದವನು ಸಭಿಕರನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ತಾನೊಬ್ಬನೇ ಊಟಕ್ಕೆ ಕುಳಿತಂತೆ. ಸಭೆಗೆ ಚಿಕ್ಕ ವಾಕ್ಯ ಬೇಕು. ಅದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿರಬೇಕು. ಕೊನೆಯ ವಾಕ್ಯ ಯಾವುದೆಂಬುದು ಎದ್ದು ನಿಲ್ಲುವ ಮೊದಲೇ ಗೊತ್ತಿರಬೇಕು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವರೇ ನಿಲ್ಲಿಸದೆ ಇರುವವರು.

ಭಯದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಗಾಂಧೀಜಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ ಬರೆದುಕೊಂಡು ಹೋದದ್ದನ್ನೂ ತಾವೇ ಓದಲಾಗದೆ ಇನ್ನೊಬ್ಬರಿಂದ ಓದಿಸಬೇಕಾಯಿತು. ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಒಂದು ಪ್ರಶ್ನೆಯೂ ಹೊರಡದೆ ಕುಳಿತುಬಿಟ್ಟರು. ಅದೇ ಮನುಷ್ಯ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯ ವರ್ತಕರ ಸಭೆಯಲ್ಲಿ ಮಾತನಾಡಿದರು. ಅದು ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅದಕ್ಕೆ ಸಿದ್ಧವಾಗಿ ಹೋಗಿದ್ದೆನೆಂದೂ ಹೇಳಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ನಡುವೆ ಆದದ್ದೇನು? ನಾಲಗೆ ಬದಲಾಗಲಿಲ್ಲ. ಲಂಡನ್ನಿನಲ್ಲೂ ಮುಂಬಯಿಯಲ್ಲೂ ‘ನಾನು ಹೇಗೆ ಕಾಣುತ್ತೇನೆ’ ಎಂಬ ಚಿಂತೆ ಮುಂದೆ ನಿಂತಿತ್ತು. ಪ್ರಿಟೋರಿಯದಲ್ಲಿ ಕೇಳುವ ಜನ ಮುಂದೆ ನಿಂತರು, ಅವರಿಗೆ ಹೇಳಲೇಬೇಕಾದ ಒಂದು ವಿಷಯವಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಸಭಾಕಂಪಕ್ಕೆ ನನಗೆ ತಿಳಿದ ಮದ್ದು ಇದೊಂದೇ. ಆ ಸಂಕೋಚವೂ ದಂಡವಾಗಲಿಲ್ಲ; ಮಾತನ್ನು ಮಿತವಾಗಿ ಬಳಸುವುದನ್ನು ತಮಗೆ ಕಲಿಸಿದ್ದು ಅದೇ ಎಂದು ಅವರು ಮುಂದೆ ಅದಕ್ಕೆ ಕೃತಜ್ಞರಾಗಿದ್ದರು.

ಇನ್ನು ಆ ಹುಡುಗಿಯ ಪ್ರಶ್ನೆ. ಅದನ್ನು ಅವಳಿಗಿಂತ ಸುಮಾರು 2400 ವರ್ಷ ಮೊದಲು ಪ್ಲೇಟೋ ಎತ್ತಿದ್ದ. ವೈದ್ಯನೂ ಅಡುಗೆಯವನೂ ಮಕ್ಕಳ ಸಭೆಯ ಮುಂದೆ ನಿಂತು, ಯಾವ ಆಹಾರ ಒಳ್ಳೆಯದೆಂಬುದನ್ನು ನಮ್ಮಲ್ಲಿ ಬಲ್ಲವರು ಯಾರು ಎಂದು ಕೇಳಿದರೆ ವೈದ್ಯ ಉಪವಾಸ ಸಾಯಬೇಕಾದೀತು ಎಂದು ‘ಗೋರ್ಗಿಯಾಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಹೇಳಿಸಿದ್ದಾನೆ. ಭಾಷಣಕಲೆ ಅವನ ಕಣ್ಣಿಗೆ ಆ ಅಡುಗೆಯವನ ಜಾಣತನ: ರುಚಿ ಗೊತ್ತು, ಹಿತ ಗೊತ್ತಿಲ್ಲ. ಶಿಷ್ಯನಾದ ಅರಿಸ್ಟಾಟಲ್ ಇದನ್ನು ಪೂರ್ತಿ ಒಪ್ಪಲಿಲ್ಲ. ಬಲ, ಆರೋಗ್ಯ, ಐಶ್ವರ್ಯ ಇವೂ ಕೆಟ್ಟವನ ಕೈಯಲ್ಲಿ ಕೆಡುಕು ಮಾಡುತ್ತವೆ. ಹಾಗೆಂದ ಮಾತ್ರಕ್ಕೆ ಅವನ್ನು ಯಾರೂ ತ್ಯಜಿಸುವುದಿಲ್ಲ ಎಂದ. ಒಂದು ವಿಷಯದ ಎರಡು ಪಕ್ಷಗಳನ್ನೂ ವಾದಿಸಲು ಬರಬೇಕೆಂದೂ ಹೇಳಿದ. ಎರಡನ್ನೂ ನಂಬಿಸುವುದಕ್ಕಲ್ಲ, ನಿಜಸ್ಥಿತಿ ಕಾಣುವುದಕ್ಕೆ ಮತ್ತು ಇನ್ನೊಬ್ಬ ಅನ್ಯಾಯವಾಗಿ ವಾದಿಸಿದರೆ ಖಂಡಿಸುವುದಕ್ಕೆ. ನಮ್ಮ ಶಾಸ್ತ್ರಕಾರರು ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ಇಟ್ಟದ್ದರ ಹಿಂದೆಯೂ ಈ ವಿವೇಕವೇ ಇದೆ.

ಕರಾವಳಿಯ, ಮಲೆನಾಡಿನ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಹೊಸದಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಆ ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟ, ಮಲ್ಪೆ ಶಂಕರನಾರಾಯಣ ಸಾಮಗರಂಥವರು ಈ ಕಲೆಯಿಂದಲೇ ಮನೆಮಾತಾದರು. ಇಂದು ರಾಮನಾಗಿ ಬಾಣ ಬಿಟ್ಟದ್ದನ್ನು ಸಮರ್ಥಿಸಿದ ಅರ್ಥಧಾರಿ ನಾಳೆ ವಾಲಿಯಾಗಿ ಅದೇ ರಾಮನನ್ನು ತಬ್ಬಿಬ್ಬು ಮಾಡಬಲ್ಲ. ಅವನು ಸುಳ್ಳನಾದನೆ? ಇಲ್ಲ. ಇದು ಪಾತ್ರದ ಮಾತೆಂದು ಕೇಳುವವರೆಲ್ಲರಿಗೂ ಗೊತ್ತು. ಚರ್ಚಾಸ್ಪರ್ಧೆಯಲ್ಲೂ ‘ಪರ’, ‘ವಿರೋಧ’ ಎಂದು ಮೊದಲೇ ಸಾರಿರುತ್ತಾರೆ. ಚುನಾವಣೆಯ ವೇದಿಕೆಯಲ್ಲಿ, ಸಂಘದ ಮಹಾಸಭೆಯಲ್ಲಿ, ಅರ್ಧ ನಿಮಿಷದ ತುಣುಕಾಗಿ ಮೊಬೈಲಿನಿಂದ ಮೊಬೈಲಿಗೆ ಹಾರುವ ಮಾತಿನಲ್ಲಿ ಯಾರೂ ಹಾಗೆ ಸಾರುವುದಿಲ್ಲ. ಕೇಳುವವನಿಗೆ ತಿಳಿಯದಂತೆ ಪಾತ್ರ ವಹಿಸಿದ ಕ್ಷಣದಲ್ಲಿ ಕಲೆ ಮೋಸವಾಯಿತು. ಗೆರೆ ಇರುವುದು ಅಲ್ಲಿ, ಮಾತಿನ ಸೊಗಸಿನಲ್ಲಲ್ಲ.

ಹಾಗಿದ್ದರೂ ಆ ಹುಡುಗಿಯ ಭಯ ಪೂರ್ತಿ ಹೋಗುವುದಿಲ್ಲ. ಎರಡು ಕಡೆಯಿಂದಲೂ ಗೆದ್ದು ಗೆದ್ದು ರೂಢಿಯಾದವನಿಗೆ ನಿಜ ಯಾವ ಕಡೆ ಇದೆ ಎಂಬ ಕುತೂಹಲವೇ ಸತ್ತುಹೋಗಬಹುದು. ಅದಕ್ಕಾಗಿ ನನ್ನ ತರಗತಿಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ವಾದಕ್ಕೆ ಮೊದಲು ಎದುರು ಪಕ್ಷದ ಮಾತನ್ನು ಅವರೇ “ಹೌದು, ನಾವು ಹೇಳುವುದು ಇದನ್ನೇ” ಎಂದು ತಲೆದೂಗುವಂತೆ ಹೇಳಬೇಕು. ವಾದ ಮುಗಿದ ಮೇಲೆ, ಎದುರಾಳಿಯ ಯಾವ ಮಾತಿಗೆ ತನ್ನಲ್ಲಿ ಉತ್ತರವಿರಲಿಲ್ಲ ಎಂಬುದನ್ನು ಎಲ್ಲರ ಮುಂದೆ ಹೇಳಬೇಕು. ಇದಕ್ಕೆ ಬಹುಮಾನವಿಲ್ಲ. ಮೊದಮೊದಲು ಮಕ್ಕಳು ಒದ್ದಾಡುತ್ತಾರೆ. ಅವಳಿಗೆ ನಾನು ಹೇಳಿದ್ದೂ ಇಷ್ಟೆ: “ನಿನಗೆ ಒಪ್ಪಿಗೆಯಿಲ್ಲದ ಮನೆಯೊಳಗೆ ಹೋಗಿ ಬರುವುದನ್ನು ಕಲಿಯುತ್ತಿದ್ದೀಯಮ್ಮ. ಮರಳಿ ಬಂದಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಅದು ಸುಳ್ಳಲ್ಲ.”

ನಡೆ ನುಡಿಗಳ ಮಾತು ಉಳಿಯಿತು. ನುಡಿ ಹೇಗಿರಬೇಕೆಂದು ಬಸವಣ್ಣನವರು ಹೇಳಿದ ವಚನದ ಮೊದಲರ್ಧ ನಮ್ಮ ಭಾಷಣಕಾರರ ನಾಲಗೆಯ ತುದಿಯಲ್ಲಿದೆ. ನುಡಿದಂತೆ ನಡೆಯದವನನ್ನು ಕುರಿತ ಕೊನೆಯ ಭಾಗ ಅಷ್ಟಾಗಿ ಕೇಳಿಬರುವುದಿಲ್ಲ. ಡೆಮಾಸ್ತನೀಸನಿಗೂ ಈ ಕೊನೆಯ ಭಾಗ ಕಷ್ಟವಾಯಿತು. ಮ್ಯಾಸಿಡೋನಿಯದ ಫಿಲಿಪ್ಪನನ್ನು ಎದುರಿಸಿರೆಂದು ವರ್ಷಾನುಗಟ್ಟಲೆ ಜನರನ್ನು ಎಬ್ಬಿಸಿದವನು, ಕ್ರಿಸ್ತಪೂರ್ವ 338ರ ಕೈರೋನಿಯದ ಯುದ್ಧದಲ್ಲಿ ಆಯುಧ ಎಸೆದು ಓಡಿದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಹಾಗೆಂದು ಫಿಲಿಪ್ಪನ ವಿಷಯದಲ್ಲಿ ಅವನು ಕೊಟ್ಟ ಎಚ್ಚರಿಕೆ ಸುಳ್ಳಾಯಿತೆ? ಆಗಲಿಲ್ಲ; ಅಥೆನ್ಸಿನ ಸ್ವಾತಂತ್ರ್ಯ ಕುಸಿದದ್ದು ಆ ಯುದ್ಧದಲ್ಲೇ. ಆದ್ದರಿಂದ ಕೇಳುವವನು ಮಾತನ್ನು ಅದರ ತೂಕದಿಂದಲೇ ತೂಗಲಿ. ಆಡುವವನಿಗೆ ಮಾತ್ರ ಆ ರಿಯಾಯಿತಿ ಇಲ್ಲ. ತಾನು ಹೊರಲಾರದ ಭಾರವನ್ನು ಇನ್ನೊಬ್ಬರ ಹೆಗಲಿಗೇರಿಸಲು ನಾಲಗೆಯನ್ನು ಬಳಸುವ ಮೊದಲು ಅವನು ಎರಡು ಸಲ ಯೋಚಿಸಬೇಕು.

ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಜನರನ್ನು ಹೊಗಳುವಾಗ ಎರಡು ಶಕ್ತಿಗಳನ್ನು ಜೊತೆಯಾಗಿ ಹೇಳುತ್ತದೆ: ಹದವರಿತು ಮಾತನಾಡುವುದು, ಆಡಿದ್ದನ್ನು ಅರಿತು ವಿಚಾರಿಸುವುದು. ನಾವು ಮೊದಲನೆಯದಕ್ಕೆ ಸ್ಪರ್ಧೆ, ಢಾಲು, ಪದಕ ಎಲ್ಲವನ್ನೂ ಇಟ್ಟಿದ್ದೇವೆ. ಎರಡನೆಯದಕ್ಕೆ ಏನನ್ನೂ ಇಟ್ಟಿಲ್ಲ. ಭಯವನ್ನೋ ದ್ವೇಷವನ್ನೋ ಕೆರಳಿಸಿ ಸಭಿಕರ ವಿಚಾರಶಕ್ತಿಯನ್ನು ಮಲಗಿಸುವ ಭಾಷಣಕ್ಕೆ ಚಪ್ಪಾಳೆ ಜೋರಾಗಿ ಬೀಳುವುದೂ ಇದರಿಂದಲೇ. ಒಳ್ಳೆಯ ಭಾಷಣದ ಗುರುತು ಬೇರೆ. ವಂದನಾರ್ಪಣೆ ಮುಗಿದು, ಕುರ್ಚಿಗಳನ್ನು ಮಡಿಸುತ್ತಿರುವಾಗ ಯಾರೋ ಒಬ್ಬರು ಭಾಷಣಕಾರನ ಬಳಿಗೆ ಬಂದು, “ನೀವು ಹೇಳಿದ್ದರಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ, ಯಾಕೆಂದರೆ...” ಎಂದು ಶುರುಮಾಡುತ್ತಾರೆ. ಆಗ ಅವನು ಕಾರು ಕಾಯುತ್ತಿದೆಯೆಂದು ಹೊರಟುಬಿಡದೆ, ಒಂದು ಕುರ್ಚಿ ಎಳೆದುಕೊಂಡು ಕುಳಿತು ಕೇಳಬೇಕು. ಅಷ್ಟು ಹೊತ್ತು ಸಭೆ ಅವನ ಮಾತು ಕೇಳಿದೆ; ಆ ಋಣ ತೀರುವುದು ಹೀಗೆ.