ಗೋಡೆಯ ಮೇಲಿನ ಸಾಕ್ಷಿ

ನಮ್ಮ ಮನೆಗಳಲ್ಲಿ ಬಿರಿಯಾನಿ ಮಸಾಲೆಗೆ ಹಾಕುವ ದಗಡಫೂಲ, ಅಂದರೆ ಕಲ್ಲುಹೂವು, ನಿಜಕ್ಕೂ ಹೂವಲ್ಲ. ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಜೀವವದು. ಅದಕ್ಕೆ ಬೇರಿಲ್ಲ. ಮಳೆಗಾಲದಲ್ಲಿ ಧಾರವಾಡದ ಕಂಪೌಂಡ್ ಗೋಡೆಗಳನ್ನು ಹಸಿರಾಗಿಸುವ ಪಾಚಿಗೂ ನಿಜವಾದ ಬೇರಿಲ್ಲ. ಎರಡೂ ಬಹುಪಾಲು ಗಾಳಿ, ಮಳೆಗಳನ್ನೇ ನಂಬಿವೆ. ಗಾಳಿಯಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಇದ್ದರೆ ಅದೂ ಅವುಗಳ ಒಡಲು ಸೇರಿ ಉಳಿಯುತ್ತದೆ. ಕಲ್ಲುಹೂವು ಗಾಳಿಯ ಶುದ್ಧಿಯನ್ನು ತೋರಿಸುತ್ತದೆಂದು ಪ್ಯಾರಿಸಿನ ಉದ್ಯಾನವೊಂದನ್ನು ನೋಡಿ ವಿಲಿಯಂ ನೈಲಾಂಡರ್ 1866ರಲ್ಲೇ ಬರೆದಿದ್ದರು. ಬೆಂಗಳೂರಿನ ಕಲ್ಲುಹೂವುಗಳಲ್ಲಿ ಸೇರಿದ ಭಾರಲೋಹಗಳ ಕುರಿತು, ಮಾಧವ ಗಾಡ್ಗೀಳರೂ ಪಾಲ್ಗೊಂಡಿದ್ದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು.

ಸಾಕ್ಷಿ ಇಷ್ಟು ಹತ್ತಿರವಿದ್ದೂ ಕೇಳದವನು 'ನನಗೆ ಗೊತ್ತಿರಲಿಲ್ಲ' ಎಂದರೆ ಅದು ಒಪ್ಪತಕ್ಕ ಮಾತೇ?

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಉದಾಹರಣೆ ನೋಡೋಣ. 2013ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆಯ ಸಂಶೋಧಕರು ಅಲ್ಲಿನ ಮರಗಳಿಂದ 346 ಪಾಚಿಯ ಮಾದರಿಗಳನ್ನು ಸಂಗ್ರಹಿಸಿದರು. ಬಣ್ಣದ ಗಾಜು ತಯಾರಿಸುವ ಕಾರ್ಖಾನೆಗಳ ಬಳಿ ಕ್ಯಾಡ್ಮಿಯಂ ಹೆಚ್ಚಿತ್ತು. ಪಾಚಿ ದಿಕ್ಕು ತೋರಿಸಬಲ್ಲದು, ಗಾಳಿಯಲ್ಲಿನ ಪ್ರಮಾಣವನ್ನು ಕರಾರುವಾಕ್ಕಾಗಿ ಹೇಳಲಾರದು. ಆದ್ದರಿಂದ 2015ರಲ್ಲಿ ಯಂತ್ರವಿಟ್ಟು ಅಳೆದರು. ನೆರೆಹೊರೆಯವರಿಗೆ ವಿಷಯ ತಿಳಿದದ್ದು 2016ರ ಫೆಬ್ರವರಿಯಲ್ಲಿ. ಅಷ್ಟು ದಿನವೂ ಅವರು ಅದೇ ಗಾಳಿಯನ್ನು ಉಸಿರಾಡಿದ್ದರು, ಹಿತ್ತಲಿನ ತರಕಾರಿ ತಿಂದಿದ್ದರು. ಕೇಳುವುದು ಒಂದು ಕರ್ತವ್ಯವಾದರೆ, ತಿಳಿದದ್ದನ್ನು ತಡಮಾಡದೆ ಹೇಳುವುದು ಇನ್ನೊಂದು.

ಇನ್ನು ನಮ್ಮ ಊರು. 2019ರಲ್ಲಿ ಆರಂಭವಾದ ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಹೆಸರೂ ಸೇರಿತು. ಅದು ಮುಖ್ಯವಾಗಿ ಧೂಳಿನ ಲೆಕ್ಕ. ಧೂಳಿನ ತೂಕವು ಅದರೊಳಗೆ ಯಾವ ಲೋಹವಿದೆಯೆಂದು ಹೇಳುವುದಿಲ್ಲ. ಗೋಕುಲ ರಸ್ತೆ, ತಾರಿಹಾಳದ ಆಸುಪಾಸಿನಲ್ಲಿ ವಿಷವಿದೆಯೆಂದು ನಾವು ಆರೋಪಿಸುತ್ತಿಲ್ಲ. ಕೇಳಿ ನೋಡಿ ಎನ್ನುತ್ತಿದ್ದೇವೆ, ಅಷ್ಟೇ. ಪಾಚಿ ಬೆಳೆಯದ ಒಣ ಓಣಿಗಳಲ್ಲಿ ಶುದ್ಧ ಪಾಚಿಯನ್ನು ಬಲೆಯ ಚೀಲದಲ್ಲಿ ತುಂಬಿ ಕೆಲವು ವಾರ ತೂಗುಹಾಕಿ, ಆಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. 1971ರಷ್ಟು ಹಿಂದೆಯೇ ವೇಲ್ಸ್‌ನಲ್ಲಿ ಈ ವಿಧಾನವನ್ನು ಬಳಸಿದ್ದಾರೆ.

ಅನುಕೂಲಸ್ಥರು ಗಾಳಿ ಕೆಟ್ಟರೆ ಮನೆ ಬದಲಿಸಿಯಾರು. ಬ್ಯಾಟರಿ ರಿಪೇರಿ, ವೆಲ್ಡಿಂಗ್ ನಡೆಯುವ ಓಣಿಯ ಬಡವನ ಮಗು ಪಾಚಿಯ ಹಾಗೆ, ಇದ್ದಲ್ಲೇ ಇದ್ದು ಬಂದದ್ದನ್ನು ಒಳಗೆಳೆದುಕೊಳ್ಳುತ್ತದೆ. ಸೀಸವು ಮಕ್ಕಳ ಬುದ್ಧಿಬೆಳವಣಿಗೆಗೆ ಮಾರಕವೆಂಬುದು ಎಲ್ಲ ವೈದ್ಯರೂ ಒಪ್ಪಿದ ಮಾತು. ಕೇಳಬೇಕಾದ ಮೊದಲ ಓಣಿ ಅದೇ. ಉತ್ತರ ಏನೇ ಬರಲಿ, ಅದನ್ನು ಕಡತದಲ್ಲಿ ಇಡದೆ, ಅದೇ ಓಣಿಯ ರೇಷನ್ ಅಂಗಡಿಯ ಗೋಡೆಗೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಅಂಟಿಸಬೇಕು.